ಅರಿಷಿಣದ ಪಟ್ಟಿ, ಸುಣ್ಣದ ಹೆಬ್ಬೆರಳು

ಪುಣೆಯ ಸದಾಶಿವ ಪೇಠದ ಅರ್ಧ ಮದುವೆಗಳು ನಮ್ಮ ಮನೆಯ ಅರಿಷಿಣದಿಂದಲೇ ಶುರುವಾದವು ಎಂದು ನಮ್ಮವರು ಎದೆಯುಬ್ಬಿಸಿ ಹೇಳುತ್ತಿದ್ದರು. ಅರ್ಧ ಅನ್ನುವುದು ಅವರ ಬಾಯಿಯ ಅಳತೆ, ನೀವು ಕಾಲು ಭಾಗ ಅಂತ ಹಿಡಿಯಿರಿ. ಆ ಅರಿಷಿಣ ಯಾರ ಕೈಯದು ಎಂಬುದನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಮದುವೆಗಳಿಗೆಲ್ಲ ಪುರೋಹಿತರು ಹೊಸದಾಗಿ ಶಾಂತಿ ಮಾಡಿಸಿ ಎರಡೆರಡು ಸಲ ದಕ್ಷಿಣೆ ಎತ್ತುತ್ತಿದ್ದರು. ಈಗ ಮುಚ್ಚಿಡಬೇಕಾದವರೆಲ್ಲ ಹೋಗಿಬಿಟ್ಟಿದ್ದಾರೆ, ನನ್ನ ನಾಲಿಗೆ ಒಂದು ಉಳಿದಿದೆ.

ನಾನು ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದದ್ದು ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ. ಒಂದು ಹಳೆಯ ವಾಡೆಯ ಮುಂದಿನ ಎರಡು ಕೋಣೆಗಳಲ್ಲಿ ನಮ್ಮವರ ಛಾಪಖಾನೆ, ಹಿಂದಿನ ಎರಡರಲ್ಲಿ ನಮ್ಮ ಸಂಸಾರ. ನಮ್ಮವರು ಅಂದರೆ ಗಂಡ. ಹೆಸರು ಹೇಳುವ ಪದ್ಧತಿ ಆಗ ಇರಲಿಲ್ಲ, ಈಗ ಕಲಿಯುವ ವಯಸ್ಸಲ್ಲ. ಅವರ ಹತ್ತಿರ ಇದ್ದದ್ದು ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮಷೀನು. ಲಗ್ನಪತ್ರಿಕೆ, ಮುಂಜಿವೆಯ ಪತ್ರಿಕೆ, ಸತ್ತವರ ಸುದ್ದಿಯ ಪತ್ರ, ಇವೇ ನಮ್ಮ ಅನ್ನ. ಬಾಗಿಲ ಮೇಲೆ ಅವರೇ ಮರಾಠಿಯಲ್ಲಿ ಅಚ್ಚುಮಾಡಿದ ಫಲಕ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಛಾಪಖಾನೆ ಮುಚ್ಚಿರುತ್ತದೆ, ಬಾಗಿಲು ಬಡಿದು ಪ್ರಯೋಜನವಿಲ್ಲ. ಪುಣೆಯಲ್ಲಿ ಇದನ್ನು ಯಾರೂ ಉದ್ಧಟತನ ಅಂದುಕೊಳ್ಳುವುದಿಲ್ಲ, ಓದಿ ಮೆಚ್ಚಿ ಹೋಗುತ್ತಾರೆ. ಆ ಮೂರು ತಾಸು ನಮ್ಮವರು ಮಾಳಿಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಕೆಳಗೆ ನಮ್ಮ ನಿಜವಾದ ದುಡಿಮೆ ನಡೆಯುತ್ತಿತ್ತು.

ಲಗ್ನಪತ್ರಿಕೆಗೆ ಅರಿಷಿಣ ಹಚ್ಚದೆ ಕೊಡುವವರು ಆಗ ಯಾರೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಹೆಂಗಸರು ಕೂತು ನಾಲ್ಕು ಮೂಲೆಗೆ ಬೆರಳಿನಿಂದ ಮೆತ್ತುತ್ತಿದ್ದರು. ಐದುನೂರು ಪತ್ರಿಕೆ ಮೆತ್ತುವ ಹೊತ್ತಿಗೆ ಅತ್ತೆ ಸೊಸೆಯರ ನಡುವೆ ಮಾತು ನಿಂತಿರುತ್ತಿತ್ತು. ಹೀಗಾಗಿ ನಮ್ಮವರಿಗೊಂದು ಉಪಾಯ ಹೊಳೆಯಿತು. ಪತ್ರಿಕೆಯ ತಲೆಗೆ ಕಿರುಬೆರಳಿನಗಲ ಒಂದು ಹಳದಿ ಪಟ್ಟಿಯನ್ನು ಛಾಪಖಾನೆಯಲ್ಲೇ ಹಾಕಿ ಕೊಡುವುದು. ಸತ್ತವರ ಪತ್ರಕ್ಕೆ ಸಾಹೇಬರು ಕಪ್ಪು ಪಟ್ಟಿ ಹಾಕುವುದನ್ನು ನೋಡಿ ನಮ್ಮವರೂ ಕಲಿತಿದ್ದರಲ್ಲ, ಬದುಕಿದವರೇನು ಪಾಪ ಮಾಡಿದ್ದರು?

ಮೊದಲು ಹಿತ್ತಾಳೆಯ ದಪ್ಪ ಪಟ್ಟಿಯೊಂದನ್ನು ಅಚ್ಚುಮೊಳೆಗಳ ಚೌಕಟ್ಟಿನಲ್ಲಿ ಕೂಡಿಸಿ ಮಷೀನಿನಲ್ಲೇ ಹಳದಿ ಶಾಯಿ ಹೊಡೆದು ನೋಡಿದರು. ಕಪ್ಪು ಅಕ್ಷರ ಅಚ್ಚಾದ ಮೇಲೆ ರೋಲರು, ತಟ್ಟೆ ಎಲ್ಲ ಘಾಸಲೇಟಿನಿಂದ, ಅಂದರೆ ಸೀಮೆಎಣ್ಣೆಯಿಂದ, ತೊಳೆದು ಹಳದಿ ಹಾಕಬೇಕು. ಎಷ್ಟು ತೊಳೆದರೂ ಎಲ್ಲೋ ಒಂದಿಷ್ಟು ಕಪ್ಪು ಉಳಿದು, ಪಟ್ಟಿ ನೆಗಡಿಯಾದ ಮಗುವಿನ ಮೂಗಿನಿಂದ ಇಳಿದ ಬಣ್ಣಕ್ಕೆ ಬರುತ್ತಿತ್ತು. ಎರಡನೇ ಸಲ ಮಷೀನಿಗೆ ಕೊಟ್ಟ ಹಾಳೆ ಮೊದಲಿನ ಜಾಗದಲ್ಲೇ ಕೂಡುತ್ತಿರಲಿಲ್ಲ, ಪಟ್ಟಿ ಸೊಟ್ಟ ಹೋಗುತ್ತಿತ್ತು. ಅಷ್ಟರಲ್ಲಿ ಯುದ್ಧ ಬಂದು ಒಳ್ಳೆಯ ಹಳದಿ ಶಾಯಿ ಬರುವುದೂ ನಿಂತಿತು. ಕೊನೆಗೆ ಕೈಯಿಂದಲೇ ಹಾಕುವುದೆಂದಾಯಿತು, ಕೈ ಅಂದರೆ ನನ್ನ ಕೈ.

ನಾನು ಮರದ ಪಟ್ಟಿ ಇಟ್ಟು, ಅದರ ಗುಂಟ ಕುಂಚ ಎಳೆದೆ. ಬಣ್ಣ ಮರದ ಪಟ್ಟಿಯ ಅಡಿಗೆ ನುಗ್ಗಿ ಲಗ್ನದ ಮುಹೂರ್ತದವರೆಗೂ ಹರಿಯಿತು. ಪಟ್ಟಿ ಸರಿ ಇಲ್ಲ ಅಂದೆ, ಕುಂಚ ಸರಿ ಇಲ್ಲ ಅಂದೆ, ಕಾಗದದ ಜಾತಿಯೇ ಸರಿ ಇಲ್ಲ ಅಂದೆ.

"ಕುಣಿಲಿಕ್ಕೆ ಬರದಾಕಿಗೆ ಅಂಗಳ ಡೊಂಕು," ಅಂತ ಹಿಂದಿನಿಂದ ಒಂದು ದನಿ ಬಂತು. "ಸರಿ ಆಚೆ."

ಆ ದನಿ ನಮ್ಮ ಅತ್ತೆಯದು. ಸ್ವಂತ ಅತ್ತೆಯಲ್ಲ, ನಮ್ಮವರ ತಂದೆಯ ತಂಗಿ. ಹದಿನೆಂಟಕ್ಕೆ ಗಂಡ ಸತ್ತು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮೂವತ್ತು ವರ್ಷ ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಮೈದುನನ ಮನೆಯ ಒಲೆಯ ಮುಂದೆ ಕೂಡಿಸಿದ್ದರು. ನಮ್ಮವರು ಹೋಗಿ "ನಾಲ್ಕು ದಿನ ಪುಣೆ ನೋಡಿ ಬರ್ಲಿ" ಅಂತ ಕರೆತಂದು ಆಗಲೇ ಎರಡು ವರ್ಷವಾಗಿತ್ತು. ಮೈದುನನಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು: ಅತ್ತಿಗೆಯವರನ್ನು ಕಳಿಸಿಕೊಡಿ, ಇಲ್ಲಿ ಬಹಳ ಅನಾನುಕೂಲವಾಗಿದೆ. ಅತ್ತೆ ಅದನ್ನು ಓದಿಸಿಕೊಂಡು ಕೇಳಿ, "ಅಡಿಗಿಯವ್ರು ಸಿಕ್ಕಿಲ್ಲ ಅನಸ್ತದ," ಅಂದು ಒಲೆಗೆ ಹಾಕುತ್ತಿದ್ದಳು.

ಅವತ್ತು ಅತ್ತೆ ನನ್ನ ಕುಂಚ, ಮರದ ಪಟ್ಟಿ ಎರಡನ್ನೂ ಬದಿಗಿಟ್ಟಳು. ಇಪ್ಪತ್ತೈದು ಹಾಳೆ ಎತ್ತಿಕೊಂಡು ಸೀರೆಯ ನಿರಿಗೆ ಹಿಡಿಯುವ ಹಾಗೆ ಬೆರಳಲ್ಲೇ ಜಾರಿಸಿದಳು. ಒಂದೊಂದು ಹಾಳೆಯೂ ತನ್ನ ಕೆಳಗಿನದರಿಂದ ಕಿರುಬೆರಳಿನಷ್ಟು ಹಿಂದೆ ಸರಿದು, ಮೆಟ್ಟಿಲು ಮೆಟ್ಟಿಲಾಗಿ ಕೂತಿತು. ಪ್ರತಿ ಹಾಳೆಯ ತಲೆ ಮಾತ್ರ ಹೊರಗೆ, ಉಳಿದ ಮೈಯೆಲ್ಲ ಮೇಲಿನ ಹಾಳೆಯ ಅಡಿ. ಎಲ್ಲಕ್ಕಿಂತ ಮೇಲೊಂದು ರದ್ದಿ ಹಾಳೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುವ ಗುಂಡು. ಇನ್ನು ಬಣ್ಣ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಬಿಟ್ಟು ಬೇರೆಡೆ ಹೋಗುವ ಹಾಗೇ ಇಲ್ಲ. ಒಂದು ಏಟಿಗೆ ಇಪ್ಪತ್ತೈದು ಹಾಳೆಗೂ ಪಟ್ಟಿ.

"ಒರಸೂದು ಮ್ಯಾಲಿಂದ ಕೆಳಗ," ಅಂದಳು. "ಮೆಟ್ಟಲಾ ಇಳಿದಂಗ. ಎದುರು ಹತ್ತಿದೀ ಅಂದ್ರ ಬಣ್ಣ ಹಾಳಿ ಅಡಿಯೊಳಗ ಹೊಕ್ಕೋತದ."

ಬಣ್ಣವೂ ಆಕೆಯದೇ. ಅರಿಷಿಣವನ್ನು ನೀರಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಜಾಲಿಯ ಅಂಟು ಕರಗಿಸಿ ಬೆರೆಸಿ, ಚಿಟಿಕೆ ಪಟಿಕ. ಅಂಟು ಹೆಚ್ಚಾದರೆ ಹಾಳೆಗಳು ಒಂದಕ್ಕೊಂದು ಹತ್ತಿಕೊಂಡು ಬಿಡುತ್ತವೆ. ನೀರು ಹೆಚ್ಚಾದರೆ ಕಾಗದ ಹಪ್ಪಳದ ಹಾಗೆ ಉಬ್ಬುತ್ತದೆ. ಹಳೆಯ ಧೋತರದ ತುಂಡಿನಲ್ಲಿ ಹತ್ತಿ ಕಟ್ಟಿ ಉಂಡೆ ಮಾಡಿ, ಬಣ್ಣದಲ್ಲಿ ಅದ್ದಿ, ಹಿಂಡಿ, ಮುಂಗೈ ಮೇಲೆ ಒತ್ತಿ ನೋಡುತ್ತಿದ್ದಳು. ಬಣ್ಣ ಕಾಣಬೇಕು, ಒದ್ದೆ ಕಾಣಬಾರದು, ಆಗಲೇ ಹಾಳೆಗೆ. ಆಮೇಲೆ ಒಂದೊಂದೇ ಹಾಳೆಯನ್ನು ಬಲಗಡೆಯ ಮೂಲೆಯಲ್ಲಿ, ಹಳದಿ ಪಟ್ಟಿಯ ಮೇಲೇ ಹೆಬ್ಬೆರಳಿಟ್ಟು ಎತ್ತಿ ಹರಡಬೇಕು. ಬಿಳಿ ಕಡೆ ಹಿಡಿದರೆ ಬೆರಳ ಕಲೆ ಕಾಣುತ್ತದೆ, ಹಳದಿಯ ಮೇಲೆ ಹಳದಿ ಬೆರಳು ಯಾರಿಗೆ ಕಾಣಬೇಕು?

ಎಳೆದ ದಾರದಂಥ ಅಂಚು ನೋಡಿ ನಮ್ಮವರ ಮುಖ ಅರಳಿತು, ಮರುಕ್ಷಣ ಮುದುಡಿತು. ಅವರು ಕೆಲಸವನ್ನು ಆಗಲೇ ಹಂಚಿ ಇಟ್ಟಿದ್ದರು. ನಾನು ಮುತ್ತೈದೆ, ಹಳದಿ ಪಟ್ಟಿ ನನಗೆ. ಅತ್ತೆ ವಿಧವೆ, ಸಾವಿನ ಪತ್ರದ ಕಪ್ಪು ಪಟ್ಟಿ ಆಕೆಗೆ. ಧರ್ಮಶಾಸ್ತ್ರದವರು ಕೇಳಿದ್ದರೂ ತಪ್ಪು ಹುಡುಕಲಾಗದ ಹಂಚಿಕೆ. ತೊಂದರೆ ಇಷ್ಟೇ, ನನ್ನ ಕೈಗೆ ಹಳದಿ ಒಗ್ಗಲಿಲ್ಲ, ಅತ್ತೆ ಕಪ್ಪು ಮುಟ್ಟಲು ಒಪ್ಪಲಿಲ್ಲ.

"ನನಗ ಹಚ್ಚಿದ್ದ ಕಪ್ಪು ಸಾಕಾಗ್ಯದ," ಅಂದಳು. "ನಾ ಮತ್ತೊಬ್ಬರಿಗೆ ಯಾಕ ಹಚ್ಚಲಿ?"

ಕಾಡಿಗೆಯಂಥ ಗಟ್ಟಿ ಬಣ್ಣ ನನ್ನ ಒರಟು ಕೈಗೆ ಚೆನ್ನಾಗಿ ಒಗ್ಗಿತು. ಹೀಗಾಗಿ ಮದುವೆಯಾಗಿ ವರ್ಷ ತುಂಬದ ನಾನು ದಂಡಿನ ಕ್ಯಾಂಪಿನ ಸಾಹೇಬರ, ಪೇಠದ ವಕೀಲರ ಸಾವಿಗೆಲ್ಲ ಕಪ್ಪು ಹಚ್ಚತೊಡಗಿದೆ. ಕುಂಕುಮ ಮುಟ್ಟಬಾರದೆಂದು ಮೂವತ್ತು ವರ್ಷ ಹೇಳಿಸಿಕೊಂಡ ಅತ್ತೆ ಊರಿನ ಮದುವೆಗಳಿಗೆಲ್ಲ ಅರಿಷಿಣ ಹಚ್ಚತೊಡಗಿದಳು. ನಮ್ಮವರು ಒಂದು ಮಾತು ಮಾತ್ರ ಖಡಾಖಂಡಿತ ಹೇಳಿದರು:

"ಅತ್ತ್ಯಾ, ಇದು ಹೊರಗ ಗೊತ್ತಾತಂದ್ರ ಒಂದ ಒಂದು ಪತ್ರಿಕಾ ನಮ್ಮ ಹತ್ರ ಬರೂದುಲ್ಲ. ಆಮ್ಯಾಲ ನಿನ್ನ ಇಲ್ಲಿ ಹ್ಯಾಂಗ ಇಟ್ಕೊಳ್ಳಲಿ? ಮೈದುನನ ಮನೀಗೆ ಕಳಸೂದ ಆಗ್ತದ."

ಅವರು ಕೆಟ್ಟವರಲ್ಲ, ಅಂಜುಬುರುಕರು. ಅತ್ತೆ ಆ ಮಾತಿಗೆ ತಮಾಷೆ ಮಾಡಲಿಲ್ಲ. ಆಕೆ ತಮಾಷೆ ಮಾಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನೊಂದು ಗುಟ್ಟು ಇತ್ತು, ಅದು ನಮ್ಮವರಿಗೂ ಗೊತ್ತಿರಲಿಲ್ಲ. ಅತ್ತೆಗೆ ಎಲೆ ಅಡಿಕೆಯ ಚಟ. ವಿಧವೆಗೆ ತಾಂಬೂಲ ನಿಷಿದ್ಧ. ಆಕೆ ಹದಿನೆಂಟರವರೆಗೆ ತಿಂದದ್ದನ್ನು ನಾಲಿಗೆ ಮರೆತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಗಂಡನಿಗೆ ಅಡಿಕೆ ಕತ್ತರಿಸಿ ಕೊಡುವಾಗ ಅಡಕತ್ತರಿ ತಗುಲಿ ಬಲಗೈ ಹೆಬ್ಬೆರಳ ತುದಿಯ ಮೇಲೆ ಓರೆಯಾಗಿ ಒಂದು ಗಾಯದ ಗೆರೆ ಉಳಿದಿತ್ತು. "ನನ್ನ ಸಂಸಾರದ್ದು ಇಷ್ಟ ಉಳದದ ನೋಡು," ಅಂತ ತೋರಿಸುತ್ತಿದ್ದಳು. ನಮ್ಮವರ ಡಬ್ಬಿಯಿಂದ ಎಲೆ ಕದ್ದು ತರುವವಳು ನಾನೇ. ಅತ್ತೆ ಹೆಬ್ಬೆರಳಿಂದ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿ, ಬಾಯಿ ತೊಳೆದು, ಬೆರಳಿಗೆ ಹುಣಸೆಹಣ್ಣು ತಿಕ್ಕಿ, ಆಮೇಲೆ ಕೆಲಸಕ್ಕೆ ಕೂಡುತ್ತಿದ್ದಳು. ಹುಣಸೆ ಯಾಕೆಂದು ನಿಮಗೆ ಗೊತ್ತಿದೆ. ಅರಿಷಿಣಕ್ಕೆ ಸುಣ್ಣ ಸೋಕಿದರೆ ಏನಾಗುತ್ತದೆ ಎಂಬುದನ್ನು ಆರತಿಯ ತಟ್ಟೆಗೆ ಕೆಂಪು ಓಕುಳಿ ಕಲಸಿದ ಯಾವ ಹೆಂಗಸಿಗೂ ಹೇಳಿಕೊಡಬೇಕಿಲ್ಲ.

ಇಂಥ ಹೊತ್ತಿನಲ್ಲಿ ಒಬ್ಬ ಪಿಂಚಣಿದಾರ ರಾಯರು ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಬೆಳಗಾವಿ ಕಡೆಯವರು, ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ಸೇವೆ ಮುಗಿಸಿದವರು. ಕಚೇರಿ ಬಿಟ್ಟ ಮೇಲೆ ತಪಾಸಣೆ ಮಾಡಲು ಕಡತ ಸಿಗದೆ ದೇವರು, ಮಡಿ, ನೆರೆಹೊರೆ ಇವನ್ನು ತಪಾಸಣೆ ಮಾಡುತ್ತಿದ್ದರು. ಛಾಪಖಾನೆಯ ರೋಲರನ್ನು ಬೆಲ್ಲ ಮತ್ತು ಸರೇಸು ಎಂಬ ಅಂಟು ಕುದಿಸಿ ಎರಕ ಹೊಯ್ಯುತ್ತಾರೆ, ಸರೇಸನ್ನು ಚರ್ಮದಿಂದ ತೆಗೆಯುತ್ತಾರೆ ಎಂದು ಅವರಿಗೆ ಯಾರೋ ಹೇಳಿಬಿಟ್ಟಿದ್ದರು. ಸುಳ್ಳಲ್ಲ. ಪುಣೆಯ ಎಲ್ಲ ಪಂಚಾಂಗಗಳೂ ಆ ಚರ್ಮದ ಮೇಲೇ ಹುಟ್ಟಿದ್ದು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಅಕ್ಷರಕ್ಕ ಏನೂ ಮಾಡಲಿಕ್ಕೆ ಬರೂದುಲ್ಲ, ಮಷೀನಿಂದನ ನಡೀಲಿ," ಅಂದರು. "ಆದ್ರ ಅರಿಷಿಣ ಮಷೀನಿಂದ ಬ್ಯಾಡ. ಸ್ನಾನ ಮಾಡಿದ ಮುತ್ತೈದಿ ಕೈಲೇ ಆಗಬೇಕು. ಯಾರು ಹಚ್ಚತಾರ್ರಿ ನಿಮ್ಮಲ್ಲಿ?"

"ನಮ್ಮ ಮನಿಯವ್ರ ಹಚ್ಚತಾರ್ರಿ," ಅಂದರು ನಮ್ಮವರು, ಕಣ್ಣು ಮಿಟುಕಿಸದೆ.

ಕಾಗದ ಸಿಗದ ಕಾಲ. ರಾಯರು ಯಾರ ಯಾರ ಕಾಲೋ ಹಿಡಿದು ಕಾಗದ ಸಂಪಾದಿಸಿ, ಎಣಿಸಿ, ಕೆಡುವುದಕ್ಕೆಂದು ಒಂದು ಡಜನ್ ಮಾತ್ರ ಹೆಚ್ಚಿಗೆ ಸೇರಿಸಿ ತಂದು ಕೊಟ್ಟಿದ್ದರು. ಅಕ್ಷರ ಅಚ್ಚಾಯಿತು. ಪಟ್ಟಿ ಹಾಕುವ ದಿನ ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಪುಣೆಯಲ್ಲಿ ಆ ಹೊತ್ತಿಗೆ ಬಾಗಿಲು ಬಡಿಯುವವನು ಒಂದೋ ತಂತಿ ಸುದ್ದಿ ತಂದವನು, ಇಲ್ಲಾ ಬೆಳಗಾವಿಯವನು. ಅತ್ತೆ ಆಗ ತಾನೇ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಎಲೆಯ ಸಮೇತ ಎದ್ದು ಅಡಿಗೆಮನೆಗೆ ಹೋದಳು. ನಾನು ಅಗಳಿ ತೆಗೆದು ಓಡಿ ಬಂದು ಹಲಗೆಯ ಮುಂದೆ ಕೂತೆ.

"ಸಾವಕಾಶ ನಡೀಲವ್ವಾ," ಅನ್ನುತ್ತ ರಾಯರು ಒಳಗೆ ಬಂದು ಕುರ್ಚಿ ಎಳೆದು ಎದುರಿಗೇ ಕೂತರು. "ಮಡೀಲೆ ನಡದದೋ ಇಲ್ಲೋ ನೋಡ್ಕೊಂಡು ಹೋಗ್ತೀನಿ."

ನೋಡಿದರು. ಆ ಕಣ್ಣಿನ ಎದುರಿಗೆ ನಾನು ಒಂದು ಕಟ್ಟು ಹರಡಿದೆ, ಮೆಟ್ಟಿಲು ಒಂದೂ ಸಮನಾಗಲಿಲ್ಲ. ಉಂಡೆ ಹಿಂಡಲು ಮರೆತೆ. ಬಣ್ಣ ಹಾಳೆಯ ಅಡಿಗೆ ಹರಿಯುವುದು ನನಗೆ ಕಂಡಿತು, ಅವರಿಗೆ ಕಾಣದ ಹಾಗೆ ಮೊಣಕೈ ಅಡ್ಡ ಇಟ್ಟುಕೊಂಡೆ. "ಛಲೋ ನಡದದ," ಅಂತ ಅವರು ತೃಪ್ತರಾಗಿ ಎದ್ದು ಹೋದರು. ಹೋದ ಮೇಲೆ ನೋಡಿದರೆ ಹತ್ತು ಹಾಳೆ ಕೆಟ್ಟಿದ್ದವು.

ಅತ್ತೆ ಹೊರಗೆ ಬಂದು ನೋಡಿದಳು. ಬಾಯಲ್ಲಿ ಎಲೆ ಇತ್ತು, ಹುಣಸೆಹಣ್ಣಿನ ನೆನಪಿರಲಿಲ್ಲ. ನನ್ನನ್ನು ದಬ್ಬಿ ಕೂತು, ಹೊಸ ಕಟ್ಟು ಹರಡಿ, ಬಣ್ಣ ಒತ್ತಿ, ಹಾಳೆ ಎತ್ತತೊಡಗಿದಳು. ಕೈ ಹಾಳೆಯ ಮೇಲೆ, ಕಣ್ಣು ನನ್ನ ಮೇಲೆ. ಒಂದು ಹಾಳೆಗೆ ಒಂದು ಬೈಗುಳ. ನನ್ನ ತವರು, ತವರಿನ ಊರು, ನಾನು ಮಾಡುವ ಸಾರು, ನಾನು ನಡೆಯುವ ರೀತಿ, ಇಪ್ಪತ್ತೈದು ಹಾಳೆಗೂ ಸಾಲುವಷ್ಟು ಸಾಮಗ್ರಿ ಆಕೆಯ ಹತ್ತಿರ ಇತ್ತು. ನಾನು ತಲೆ ಬಗ್ಗಿಸಿದ್ದರಿಂದ ಮೊದಲು ನೋಡಿದವಳು ನಾನೇ.

"ಅತ್ತ್ಯಾರ, ಹಾಳಿ ನೋಡ್ರಿ."

ಪ್ರತಿ ಹಾಳೆಯ ಬಲಮೂಲೆಯಲ್ಲಿ, ಹಳದಿ ಪಟ್ಟಿಯ ಮೇಲೆ, ಒಂದು ಕೆಂಪು ಹೆಬ್ಬೆಟ್ಟು. ಮೊದಲಿನವು ರಕ್ತಗೆಂಪು, ಕೊನೆಕೊನೆಗೆ ತೆಳುವಾಗಿ ಕಿತ್ತಳೆ ಬಣ್ಣ. ಪ್ರತಿಯೊಂದರ ನಡುವೆ ಓರೆಯಾಗಿ ಅಡಕತ್ತರಿಯ ಗೆರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ವಿಧವೆಯೊಬ್ಬಳು ತಾಂಬೂಲ ತಿಂದು ಅದೇ ಕೈಯಿಂದ ಲಗ್ನಪತ್ರಿಕೆ ಮುಟ್ಟಿದ್ದಾಳೆ ಎಂದು ಇಪ್ಪತ್ತೈದು ಪ್ರತಿ ಅಚ್ಚಾಗಿತ್ತು.

ಹುಳಿ ಹಾಕಿದರೆ ಕೆಂಪು ಹೋಗಿ ಹಳದಿ ಬರುತ್ತದೆಂದು ನಿಂಬೆರಸ ಅದ್ದಿದ ಕಡ್ಡಿಯಿಂದ ಒಂದು ಹಾಳೆಯನ್ನು ತಿಕ್ಕಿದೆವು. ಕೆಂಪು ಹೋಯಿತು, ಜೊತೆಗೆ ಅರಿಷಿಣವೂ ಹೋಯಿತು, ಕಾಗದ ನುಣ್ಣಗಿದ್ದದ್ದು ರೋಮ ಎದ್ದು ನಿಂತಿತು. ಎರಡನೆಯದಕ್ಕೆ ತೂತು ಬಿತ್ತು. ಬೇರೆ ಕಾಗದ ಇಲ್ಲ. ಅಷ್ಟರಲ್ಲಿ ನಮ್ಮವರು ನಿದ್ದೆಯಿಂದ ಇಳಿದು ಬಂದು, ಹಾಳೆ ನೋಡಿ, ಅತ್ತೆಯ ಬಾಯಿ ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕೂತರು.

"ಇವನ್ನ ಕಟ್ಟಿನ ಅಡಿಗೆ ಹಾಕಿ ಕೊಡೂಣು," ಅಂದೆ ನಾನು.

"ಮೈದುನಗ ಕಾರ್ಡ್ ಬರೀ ತಮ್ಮಾ," ಅಂದಳು ಅತ್ತೆ. "ಬರ್ತಾಳ ಅಂತ." ಆಮೇಲೆ ಉಳಿದ ಹಾಳೆಗಳ ಪಟ್ಟಿ ಮುಗಿಸಲು ಕೂತಳು. ಹುಣಸೆಹಣ್ಣಿನಿಂದ ಬೆರಳನ್ನು ಬಹಳ ಹೊತ್ತು ತಿಕ್ಕಿದಳು. ಆ ಹಾಳೆಗಳು ಮುಗಿಯುವವರೆಗೆ ಆಕೆ ಯಾರನ್ನೂ ಬಯ್ಯಲಿಲ್ಲ, ನನಗೆ ಅಳು ಬಂತು.

ಪತ್ರಿಕೆ ಒಯ್ದ ಮರುದಿನವೇ ರಾಯರು ಬಂದರು. ಫಲಕಕ್ಕೆ ಮರ್ಯಾದೆ ಕೊಟ್ಟು ಬೆಳಗಿನ ಹೊತ್ತೇ ಬಂದದ್ದು ನೋಡಿ ವಿಷಯ ಗಂಭೀರ ಅಂದುಕೊಂಡೆವು. ಕೆಂಪು ಹೆಬ್ಬೆಟ್ಟಿನ ಒಂದು ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನಮ್ಮವರದು. ರಾಯರು ಬಾಯಿ ತೆಗೆಯುವ ಮೊದಲೇ, "ತಪ್ಪಾತ್ರಿ, ಮನ್ಯಾಗ ಹೆಣ್ಮಕ್ಕಳು ಅಂದ ಮ್ಯಾಲ..." ಅಂತ ಶುರುಮಾಡಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನನ್ನ ಹಿಂದೆ ಅತ್ತೆ ನಿಂತಿದ್ದಳು, ಆಕೆಯ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

"ತಪ್ಪೇನ್ರೀ ಇದರಾಗ?" ಅಂದರು ರಾಯರು. "ಅರಿಷಿಣ ಎಲ್ಲಾರೂ ಹಚ್ಚತಾರ. ಅರಿಷಿಣದ ಮ್ಯಾಲ ಕುಂಕುಮದ ಬಟ್ಟು ಇಡಬೇಕು ಅಂತ ಪುಣ್ಯಾದಾಗ ಒಬ್ಬ ಪ್ರಿಂಟರಿಗೂ ಹೊಳದಿಲ್ಲ. ಇದು ಖರೇ ಮುತ್ತೈದಿ ಲಕ್ಷಣ. ಆದ್ರ ಇಪ್ಪತ್ತಮೂರಕ್ಕ ಇಟ್ಟು ಉಳದದ್ದಕ್ಕ ಯಾಕ ಬಿಟ್ಟೀರಿ? ಮಂದಿಯೊಳಗ ಭೇದ ಮಾಡಿದಂಗ ಆಗ್ತದ. ಎಲ್ಲಾದಕ್ಕೂ ಇಡಸ್ರಿ. ಶುಕ್ರವಾರ ನಮ್ಮ ಮನಿಯವ್ರು ಬಂದು ನಿಮ್ಮ ಮನಿಯವರಿಗೆ ಉಡಿ ತುಂಬತಾರ."

ನನ್ನ ಕುತ್ತಿಗೆಯ ಹಿಂದೆ ಅತ್ತೆಯ ಉಸಿರು ತುಂಡು ತುಂಡಾಗಿ ಬರುತ್ತಿತ್ತು. ತಿರುಗಿ ನೋಡಿದರೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ರಾಯರು ವಾಪಸು ಕಳಿಸಿದ ಉಳಿದ ಪತ್ರಿಕೆಗಳಿಗೆಲ್ಲ ಅತ್ತೆ ಎರಡು ಮಧ್ಯಾಹ್ನ ಕೂತು ಸುಣ್ಣದ ಹೆಬ್ಬೆರಳು ಒತ್ತಿದಳು. ನಾನು ಒಂದು ಒತ್ತಿ ನೋಡಿದೆ, ಮೂಗಿನಿಂದ ರಕ್ತ ಬಂದ ಹಾಗೆ ಹರಡಿತು. ಸುಣ್ಣ ಗಟ್ಟಿ ಇರಬೇಕು, ಒಂದು ಸಲ ಹಚ್ಚಿದರೆ ಐದು ಹಾಳೆ, ಒತ್ತಿದ ಬೆರಳು ಜಾರದೆ ನೇರ ಮೇಲೆ ಏಳಬೇಕು. ಒಣಗಿದ ಪಟ್ಟಿಗೆ ಮೊದಲು ಹಸಿ ಬಟ್ಟೆ ಸೋಕಿಸಬೇಕು, ಪೂರ್ತಿ ಒದ್ದೆಯೂ ಮಾಡಬಾರದು. "ಬೆಳಗಾವಿ, ಧಾರವಾಡ, ಪಂಢರಪುರ," ಅಂತ ಆಕೆ ಒಂದೊಂದು ಪತ್ರಿಕೆಗೂ ಊರು ಹೇಳಿ ಒತ್ತುತ್ತಿದ್ದಳು. ಒಂದಕ್ಕೆ ಮೈದುನನ ಹಳ್ಳಿಯ ಹೆಸರು ಹೇಳಿ ಸ್ವಲ್ಪ ಜೋರಾಗಿಯೇ ಒತ್ತಿದಳು.

ಶುಕ್ರವಾರ ರಾಯರ ಹೆಂಡತಿ ಬಂದರು. ಸಣಕಲು ದೇಹ, ದೊಡ್ಡ ಕುಂಕುಮ, ಚುರುಕು ಕಣ್ಣು, ಮಾತು ಕಡಿಮೆ. ಗಂಡನ ಮಾತೇ ಮನೆಗೆ ಸಾಕಾಗುತ್ತಿತ್ತೇನೋ. ರಾಯರು ಹೊರಗೆ ನಮ್ಮವರ ಜೊತೆ ಕೂತರು. ನಾನು ನಡುಮನೆಯಲ್ಲಿ ಮಣೆಯ ಮೇಲೆ ಹೊಸ ಸೀರೆ ಉಟ್ಟು ಕೂತೆ. ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ತಂದಿದ್ದರು. ಅರಿಷಿಣ ಹಚ್ಚಲು ನನ್ನ ಬಲಗೈ ಹಿಡಿದ ಅಜ್ಜಿ ಬಿಡಲೇ ಇಲ್ಲ. ನನ್ನ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ದಪ್ಪ, ನುಣ್ಣಗಿನ ಹೆಬ್ಬೆರಳು, ಗಾಯವಿಲ್ಲ, ಗೆರೆಯಿಲ್ಲ.

ಅಷ್ಟರಲ್ಲಿ ಅತ್ತೆ ಅವರಿಗೆಂದು ನೀರಿನ ತಂಬಿಗೆ ತಂದಿಟ್ಟಳು. ಅಜ್ಜಿಯ ಕಣ್ಣು ತಂಬಿಗೆಯ ಕುತ್ತಿಗೆ ಹಿಡಿದ ಕೈಯ ಮೇಲೆ ಹೋಯಿತು, ಅಲ್ಲಿಂದ ಬೋಳು ಹಣೆಗೆ, ಅಲ್ಲಿಂದ ತುಟಿಯ ಮೂಲೆಗೆ. ಎಷ್ಟು ತೊಳೆದರೂ ಕದ್ದು ತಿಂದ ಎಲೆಯ ಕೆಂಪು ಅಲ್ಲಿ ಒಂದು ಚೂರು ಉಳಿದಿರುತ್ತಿತ್ತು. ಅತ್ತೆ ಕೈ ಹಿಂದೆ ಎಳೆದುಕೊಳ್ಳಲಿಲ್ಲ. ನೋಡಿದವರನ್ನು ತಾನೂ ನೋಡುತ್ತ ನಿಂತಳು. ಹೊರಗೆ ರಾಯರು ಸರೇಸಿನ ವಿಷಯ ಹೇಳುತ್ತಿದ್ದರು. ಈ ಅಜ್ಜಿ ಒಂದು ಮಾತು ಜೋರಾಗಿ ಆಡಿದರೆ ಸಾಕಿತ್ತು, ಅತ್ತೆಯ ಗಂಟು ಸಂಜೆಯ ಗಾಡಿಯಲ್ಲಿ ಇರುತ್ತಿತ್ತು.

"ಸುಣ್ಣ ಏನು?" ಅಂತ ಅಜ್ಜಿ ಮೆಲ್ಲಗೆ ಕೇಳಿದರು.

"ಸುಣ್ಣನ," ಅಂದಳು ಅತ್ತೆ.

ಅಜ್ಜಿ ನನ್ನ ಉಡಿ ತುಂಬಿದರು. ಅಕ್ಕಿ ಮಡಿಲಿಗೆ ಬೀಳುವಾಗ ನನಗೆ ನಾಚಿಕೆಯಾಯಿತು, ಬೇರೆಯವರ ಊಟದ ಎಲೆಯ ಮುಂದೆ ಕೂತ ನಾಚಿಕೆ. "ಇದು ನನಗಲ್ಲ, ಅವರಿಗೆ" ಅನ್ನಬಹುದಾಗಿತ್ತು. ಅನ್ನಲಿಲ್ಲ. ಅಂದರೆ ಅತ್ತೆಗೇ ಕೇಡು ಎಂದು ಆಗ ಸಮಾಧಾನ ಹೇಳಿಕೊಂಡೆ. ಅಂಜುಬುರುಕತನ ನಮ್ಮವರೊಬ್ಬರದೇ ಸೊತ್ತಾಗಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೋಗುವಾಗ ಅಜ್ಜಿ ಹೊರಕೋಣೆಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಗಂಡನಿಗೆ ಹೇಳಿದರು: "ಕೈ ನೋಡಿದೆ. ಭಾಳ ಛಲೋ ಕೈ. ಸಣ್ಣಾಕಿ ಲಗ್ನಕ್ಕೂ ಇದ ಕೈಲೇನ ಆಗಬೇಕು." ಅತ್ತೆ ಒಳಗೆ ತಂಬಿಗೆ ಎತ್ತಿಕೊಳ್ಳುತ್ತಿದ್ದವಳು ಹಾಗೇ ಕೂತುಬಿಟ್ಟಳು.

ಆಮೇಲೆ ಕೆಂಪು ಬೊಟ್ಟಿನ ಪಟ್ಟಿಗೆ ಎಷ್ಟು ಬೇಡಿಕೆ ಬಂತೆಂದರೆ ನಮ್ಮವರಿಗೆ ಎಲೆಯ ಗುಟ್ಟನ್ನೂ ಒಪ್ಪಿಕೊಳ್ಳಬೇಕಾಯಿತು. ಸುಣ್ಣದ ಡಬ್ಬಿಯನ್ನು ತಾವೇ ತಂದು ಕೊಡುತ್ತಿದ್ದರು, ಮುಖ ಮಾತ್ರ ಆ ಕಡೆ ತಿರುಗಿಸಿ. ಮೈದುನನಿಗೆ ಅತ್ತೆಯೇ ಹೇಳಿ ಬರೆಸಿದ ಕಾರ್ಡು ಹೋಯಿತು: ಇಲ್ಲಿ ಬಹಳ ಅನುಕೂಲವಾಗಿದೆ.

ಎರಡು ವರ್ಷಕ್ಕೆ ರಾಯರು ತೀರಿಕೊಂಡರು. ಅವರ ಸಾವಿನ ಪತ್ರವೂ ನಮ್ಮಲ್ಲೇ ಅಚ್ಚಾಯಿತು. ಕಪ್ಪು ಪಟ್ಟಿ ನಾನೇ ಹಾಕಿದೆ. ಅದು ನನ್ನ ಜೀವಮಾನದ ಅತಿ ಒಳ್ಳೆಯ ಪಟ್ಟಿ. ಅಷ್ಟು ನೇರ ಅಂಚನ್ನು ಅವರು ಎದುರು ಕೂತಿದ್ದಾಗ ನನ್ನಿಂದ ತೆಗೆಯಲಾಗಲಿಲ್ಲ, ಏನು ಮಾಡುವುದು.

ಅದಾಗಿ ವರ್ಷ ಕಳೆದು ಅವರ ಮಗ ಎರಡನೇ ಮಗಳ ಲಗ್ನಪತ್ರಿಕೆ ಕೊಟ್ಟು ಹೋದ. ಅದೇ ಪಟ್ಟಿ, ಅದೇ ಬೊಟ್ಟು, ಅದೇ ಮುತ್ತೈದೆಯ ಕೈ ಬೇಕು ಎಂದು ತಾಯಿ ಹೇಳಿದ್ದಾರೆ ಅಂದ. ಪಟ್ಟಿಯ ಕೆಲಸ ನಡೆದ ದಿನ, ಮಧ್ಯಾಹ್ನದ ಹೊತ್ತು, ಮುಂದಿನ ಬಾಗಿಲಲ್ಲ, ನಲ್ಲಿಯ ಕಡೆಯ ಹಿಂಬಾಗಿಲು ಸದ್ದಾಯಿತು. ತೆಗೆದರೆ ಆ ಅಜ್ಜಿ. ದೊಡ್ಡ ಕುಂಕುಮವಿದ್ದ ಜಾಗದಲ್ಲಿ ಬಿಳಿ ಚರ್ಮದ ಒಂದು ಗುಂಡು ಗುರುತಿತ್ತು.

ಅತ್ತೆ ಎದ್ದು ಜಾಗ ಬಿಟ್ಟಳು. ಅಜ್ಜಿ ಕೂತು ಹಾಳೆ ನೋಡಿದರು.

"ನಮ್ಮ ಮನ್ಯಾಗ ಎಲ್ಲಾರೂ ಛಲೋನ ಇದ್ದಾರ," ಅಂದರು. "ಪತ್ರಿಕಾ ಬಂದ ದಿವಸ ಮೊದಲನೇದ್ದು ದೇವರ ಮುಂದ ಇಡತಾರಲ್ಲ, ಆವಾಗ ಒಂದೀಟು ಹಿಂದಿನ ಖೋಲ್ಯಾಗ ಕೂಡವ್ವಾ ಅಂತ ಮಗಾನ ಹೇಳಿದಾ. ಸಿಟ್ಟಿಲೆ ಅಲ್ಲ, ಸಂಕೋಚದಿಂದ ಹೇಳಿದಾ." ಆಮೇಲೆ ಅತ್ತೆಯ ಕಡೆ ನೋಡದೆ ಕೇಳಿದರು: "ಒಂದಕ್ಕರ ನಾ ಒತ್ತಲೇನ್ರಿ? ಆ ಕೂಸನ್ನ ನಾನ ಎತ್ತಿ ಆಡಿಸಿದ್ದು."

ಅತ್ತೆ ಸುಣ್ಣದ ಡಬ್ಬಿಯನ್ನು ಅವರ ಮುಂದೆ ಸರಿಸಿದಳು. ಅಜ್ಜಿ ಒತ್ತಿದರು. ಬೊಟ್ಟು ಒಂದು ಕಡೆ ಸ್ವಲ್ಪ ಉಬ್ಬಿತು.

"ಸುಣ್ಣ ಭಾಳ ಆತು," ಅಂದಳು ಅತ್ತೆ. ಊರಿಗೆಲ್ಲ ಬಯ್ಯುವ ದನಿಯಲ್ಲೇ ಅಂದಳು, ನನಗೆ ಅದು ಹಿತವಾಯಿತು. "ಒಂದೀಟು ಒರಸ್ಕೋರಿ. ಮತ್ತ ಒಂದ ಯಾಕ? ಕಟ್ಟ ಇಪ್ಪತ್ತೈದರದದ, ಮುಗಸ್ರಿ."

ಅಜ್ಜಿ ಇಪ್ಪತ್ತೈದೂ ಮುಗಿಸಿದರು. ಮುಗಿಸಿ, ಉಳಿದ ಸುಣ್ಣವನ್ನು ಏನು ಮಾಡುವುದೆಂದು ಬೆರಳು ಹಿಡಿದುಕೊಂಡು ಕೂತರು. ಅತ್ತೆ ಒಂದು ಎಲೆ ಕೊಟ್ಟಳು. ಅವರು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ, ಎಲೆಗೆ ಸುಣ್ಣ ಒರೆಸಿ, ಮಡಿಸಿ ಬಾಯಿಗೆ ಹಾಕಿಕೊಂಡರು. ಇಬ್ಬರೂ ಅಗಿಯುತ್ತ ಕೂತರು, ನಾನು ಹಾಳೆ ಎಣಿಸಿದೆ.

ಮರುದಿನ ಮಗ ಪತ್ರಿಕೆ ಒಯ್ಯಲು ಬಂದ. ಅವನು ಬರುವ ಮುಂಚೆ ನಾನು ಕಟ್ಟು ಬಿಚ್ಚಿ, ಅಡಕತ್ತರಿಯ ಗೆರೆ ಇಲ್ಲದ, ಅಜ್ಜಿಯ ಬೊಟ್ಟುಗಳನ್ನು ಆರಿಸಿದೆ, ಅದರಲ್ಲಿ ಒಂದು ಕಡೆ ಉಬ್ಬಿದ್ದ ಮೊದಲನೆಯದನ್ನು ಹುಡುಕಿದೆ. ದೇವರ ಮುಂದೆ ಇಡಲು ಯಾರೂ ಆರಿಸುವುದಿಲ್ಲ, ಎಲ್ಲಕ್ಕಿಂತ ಮೇಲಿದ್ದದ್ದನ್ನೇ ಎತ್ತಿಡುತ್ತಾರೆ. ಅದನ್ನು ಎಲ್ಲಕ್ಕಿಂತ ಮೇಲಿಟ್ಟು ದಾರ ಬಿಗಿದೆ.